ಕಲ್ಲಿನೊಳಗಿನ ಸದ್ದಿಗೆ ಸಾಕ್ಷಿ ಯಾರು?

ಬೇಸಿಗೆ ಬಲಿತು ಕೈಪಂಪಿನ ಬಾಯಿಂದ ನೀರಿನ ಬದಲು ಬರಿಯ ಗಾಳಿ ಹೊರಡತೊಡಗಿದಾಗ ಮರಾಠವಾಡದ ಹಳ್ಳಿಗಳಿಗೆ ಎರಡು ಬಗೆಯ ವಾಹನಗಳು ಬರುತ್ತವೆ. ಒಂದು, ಎಲ್ಲರೂ ಬಲ್ಲ ನೀರಿನ ಟ್ಯಾಂಕರ್. ಇನ್ನೊಂದು ಅಪರೂಪದ್ದು: ರಾಜ್ಯದ ಭೂಜಲ ಸರ್ವೇಕ್ಷಣ ಮತ್ತು ವಿಕಾಸ ಯಂತ್ರಣೆಯ ಲಾರಿ. ಅದು ನೀರನ್ನು ಹೊತ್ತು ತರುವುದು ಕುಡಿಯುವುದಕ್ಕಲ್ಲ, ಕಲ್ಲನ್ನು ಸೀಳುವುದಕ್ಕೆ. ಬತ್ತಿದ ಕೊಳವೆಬಾವಿಯೊಳಗೆ ರಬ್ಬರಿನ ಬಿರಡೆಯಂತಹ ಪ್ಯಾಕರನ್ನು ಇಳಿಸಿ, ಉಬ್ಬಿಸಿ, ಬಾವಿಯ ಗೋಡೆಗೆ ಬಿಗಿಯಾಗಿ ಕೂರಿಸುತ್ತಾರೆ. ಆಮೇಲೆ ಅದರ ಕೆಳಗಿನ ಭಾಗಕ್ಕೆ ಭಾರಿ ಒತ್ತಡದಲ್ಲಿ ನೀರನ್ನು ನುಗ್ಗಿಸುತ್ತಾರೆ. ಹೂಳು ತುಂಬಿ ಮುಚ್ಚಿಹೋಗಿದ್ದ ಬಿರುಕುಗಳು ಬಾಯ್ದೆರೆಯುತ್ತವೆ, ನೆರೆಯ ಸಂದುಗಳೊಡನೆ ಕೂಡಿಕೊಳ್ಳುತ್ತವೆ. ಗ್ರಾಮದ ಪುಣ್ಯವಿದ್ದರೆ ಕೈಪಂಪು ಮತ್ತೆ ನೀರೆತ್ತುತ್ತದೆ. ಮೀರಜದಿಂದ ಹತ್ತು ವ್ಯಾಗನ್ನುಗಳಲ್ಲಿ 5 ಲಕ್ಷ ಲೀಟರ್ ನೀರು ಹೊತ್ತ ರೈಲು ಲಾತೂರಿಗೆ ಬಂದ 2016ರ ಏಪ್ರಿಲ್ ತಿಂಗಳನ್ನು ಕಂಡವರಿಗೆ ಇಂತಹ ಪುಣ್ಯದ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಈ ಕ್ರಿಯೆಗೆ ಹೈಡ್ರೋಫ್ರ್ಯಾಕ್ಚರಿಂಗ್ ಎಂದು ಹೆಸರು. ನೀರಿನ ಒತ್ತಡದಿಂದ ಶಿಲೆಯನ್ನು ಸೀಳುವುದೆಂಬುದೇ ಅದರ ಅರ್ಥ. ಕುಡಿಯುವ ನೀರಿನ ಬಾವಿಯಲ್ಲಿ ಇದು ನೆಲದಿಂದ ಕೆಲವೇ ಹತ್ತು ಮೀಟರುಗಳ ಆಳದಲ್ಲಿ, ಅಲ್ಪ ಪ್ರಮಾಣದ ಶುದ್ಧ ನೀರಿನಿಂದ ನಡೆಯುವ ಸಣ್ಣ ಕೆಲಸ. ಇದರಿಂದ ಮನೆಗಳು ನಡುಗಿಯಾವೆಂದು ಯಾರೂ ಅಂಜಬೇಕಾಗಿಲ್ಲ. ಆದರೆ ಇದೇ ಉಪಾಯವನ್ನು ಸಾವಿರಾರು ಮೀಟರ್ ಆಳದಲ್ಲಿ, ಕೋಟ್ಯಂತರ ಲೀಟರ್ ನೀರಿಗೆ ಮರಳನ್ನೂ ರಾಸಾಯನಿಕಗಳನ್ನೂ ಬೆರೆಸಿ, ಅನಿಲ ಮತ್ತು ತೈಲಕ್ಕಾಗಿ ಬಳಸಿದಾಗ ಅದು ಬೇರೆಯದೇ ಆದ ಉದ್ಯಮವಾಗುತ್ತದೆ. ಅಮೆರಿಕದ ಅನಿಲೋದ್ಯಮದ ಚಹರೆಯನ್ನೇ ಅದು ಬದಲಿಸಿತು. ಭಾರತದಲ್ಲಿಯೂ 2011ರಲ್ಲಿ ಪಶ್ಚಿಮ ಬಂಗಾಳದ ದುರ್ಗಾಪುರದ ಬಳಿ ಓಎನ್‌ಜಿಸಿ ಸಂಸ್ಥೆಯು ಶೇಲ್ ಶಿಲೆಯಿಂದ ಅನಿಲ ಹೊರಡಿಸಿ ತೋರಿಸಿತು. ರಾಜಸ್ಥಾನದ ಬಾಡಮೇರಿನ ಅನಿಲ ಕ್ಷೇತ್ರದಲ್ಲಿ ಶಿಲೆಯನ್ನು ಸೀಳುವ ಕೆಲಸ ನಡೆದಿದೆ. ನಿಲಂಗಾ, ಉಮರ್ಗಾ, ಉದಗೀರಗಳ ನೆಲದಲ್ಲಿ ಅಂತಹ ಅನಿಲೋದ್ಯಮವಿಲ್ಲ. ಆದರೂ ಈ ವಿಷಯ ಇಲ್ಲಿನ ಮನೆಗಳಿಗೆ ದೂರದ್ದಲ್ಲ. ನೆಲದೊಳಗಿನ ಕಲ್ಲು ಸೀಳುವ ಬಗೆಯನ್ನು ತಿಳಿಯಲು ದೇಶದ ವಿಜ್ಞಾನಿಗಳು ಇಲ್ಲಿಗೇ ಬರಬೇಕಾಯಿತು. ಅದಕ್ಕೆ ಕಾರಣವಾದ ರಾತ್ರಿಯನ್ನು ಹಿರಿಯರು ಮರೆತಿಲ್ಲ.

1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷ. ಹಿಂದಿನ ದಿನ ಗಣಪತಿಯ ವಿಸರ್ಜನೆಯಾಗಿತ್ತು. ಮೆರವಣಿಗೆಯಿಂದ ದಣಿದು ಬಂದವರು ಗಾಢನಿದ್ರೆಯಲ್ಲಿದ್ದರು. ಕಿಲ್ಲಾರಿಯ ಸುತ್ತಣ ಊರುಗಳು ಕೆಲವೇ ಕ್ಷಣಗಳಲ್ಲಿ ಕಲ್ಲುಮಣ್ಣಿನ ರಾಶಿಯಾದವು. ಸುಮಾರು 10 ಸಾವಿರ ಜನ ಮಡಿದರು. ಭೂಕಂಪದ ಪ್ರಮಾಣ 6.2. ಇಷ್ಟು ಪ್ರಮಾಣಕ್ಕೆ ಇಷ್ಟು ಸಾವೇಕೆಂದರೆ, ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ ಮತ್ತು ಅದರ ಮೇಲೆ ಹೇರಿದ ಮಣ್ಣಿನ ಮಾಳಿಗೆ. ಬಿಸಿಲಿನಿಂದ ಕಾಪಾಡುತ್ತಿದ್ದ ಮಾಳಿಗೆಯೇ ಮಲಗಿದವರ ಮೇಲೆ ಕುಸಿಯಿತು. ಆ ಕಾಲದ ಭೂಕಂಪ ನಕಾಶೆಯಲ್ಲಿ ಈ ಸೀಮೆ ಎಲ್ಲಕ್ಕಿಂತ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತೆಂಬುದು ಇಂದು ಓದಿದರೆ ಕ್ರೂರ ಹಾಸ್ಯದಂತೆ ತೋರುತ್ತದೆ. 2002ರ ಪರಿಷ್ಕರಣದಲ್ಲಿ ಅದನ್ನು ಮೂರನೆಯ ವಲಯಕ್ಕೆ ಏರಿಸಲಾಯಿತು.

ದುರಂತದ ನಂತರ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ತಜ್ಞರು ಕಿಲ್ಲಾರಿಯಲ್ಲಿ 617 ಮೀಟರ್ ಆಳದ ರಂಧ್ರವೊಂದನ್ನು ಅಧ್ಯಯನಕ್ಕೆ ತೆಗೆದುಕೊಂಡರು. ಮೇಲಿನ 338 ಮೀಟರ್ ದಖ್ಖನದ ಕರಿಕಲ್ಲು. ಅದರಡಿಯಲ್ಲಿ ತೆಳುವಾದ ಹಳೆಯ ಮಣ್ಣುಪದರ. ಅದಕ್ಕೂ ಕೆಳಗೆ ಅತಿಪ್ರಾಚೀನವಾದ ತಳಶಿಲೆ. ಆ ತಳಶಿಲೆಯ ಮೇಲೆ ಎಷ್ಟು ಒತ್ತಡ ಬಿದ್ದಿದೆ, ಯಾವ ದಿಕ್ಕಿನಿಂದ ಬಿದ್ದಿದೆ ಎಂಬುದನ್ನು ಅಳೆಯಲು ಅವರು ಬಳಸಿದ್ದು ನೀರಿನಿಂದ ಸೀಳುವ ಇದೇ ಉಪಾಯವನ್ನು. ಪ್ಯಾಕರುಗಳ ನಡುವೆ ರಂಧ್ರದ ಒಂದು ತುಂಡನ್ನು ಮುಚ್ಚಿ ನೀರನ್ನು ಒತ್ತುತ್ತ ಹೋದಂತೆ ಒಂದು ಹಂತದಲ್ಲಿ ಶಿಲೆ ಬಿರಿಯುತ್ತದೆ. ಪಂಪನ್ನು ನಿಲ್ಲಿಸಿದೊಡನೆ ಬಿರುಕು ಮತ್ತೆ ಮುಚ್ಚಿಕೊಳ್ಳುತ್ತದೆ. ಮುಚ್ಚಿಕೊಳ್ಳುವ ಗಳಿಗೆಯ ಒತ್ತಡವು, ಆ ಶಿಲೆಯನ್ನು ಎಲ್ಲಕ್ಕಿಂತ ಕಡಿಮೆ ಬಲದಿಂದ ಒತ್ತುತ್ತಿರುವ ದಿಕ್ಕಿನ ಬಲವನ್ನು ತಿಳಿಸುತ್ತದೆ. ಬಿರುಕು ಚಾಚಿಕೊಳ್ಳುವುದು ಅತಿ ಹೆಚ್ಚು ಒತ್ತಡವಿರುವ ದಿಕ್ಕಿಗುಂಟ; ಬಾಯ್ದೆರೆಯುವುದು ಅತಿ ಕಡಿಮೆ ವಿರೋಧವಿರುವ ಕಡೆಗೆ. ಕಟ್ಟಿಗೆ ಸೀಳುವವನಿಗೆ ಎಳೆಯ ಜಾಡು ಮೇಲೆಯೇ ಕಾಣುತ್ತದೆ. ಶಿಲೆಯ ಜಾಡು ಹೀಗೆ ಸೀಳಿ ನೋಡಿದ ಮೇಲಷ್ಟೆ ತಿಳಿಯುತ್ತದೆ.

ಒಂದು ರಂಧ್ರದ ಗೋಡೆಯಲ್ಲಿ ಬಿರುಕು ಯಾವ ಕಡೆಗೆ ಹುಟ್ಟಿತೆಂದು ಹೀಗೆ ತಿಳಿಯಬಹುದು. ಅದು ಅಲ್ಲಿಂದ ಮುಂದೆ ನೂರಾರು ಮೀಟರ್ ಹರಿದು ಎಲ್ಲಿಗೆ ಹೋಯಿತೆಂದು ತಿಳಿಯುವುದು ಹೇಗೆ? ಅಲ್ಲಿಗೆ ಕಣ್ಣು ಹೋಗದು, ದೀಪ ಹೋಗದು. ಕಿವಿಯೊಂದೇ ಹೋಗಬಲ್ಲದು.

ಕಲ್ಲು ಸದ್ದಿಲ್ಲದೆ ಸೀಳುವುದಿಲ್ಲ. ಪ್ರತಿಯೊಂದು ಬಿರುಕೂ ತನ್ನ ಮಟ್ಟಿಗೆ ಒಂದು ಪುಟ್ಟ ಭೂಕಂಪವೇ ಆಗಿದೆ. ಅದರಿಂದ ಎರಡು ಬಗೆಯ ಅಲೆಗಳು ಹೊರಡುತ್ತವೆ: ಗಟ್ಟಿ ಶಿಲೆಯಲ್ಲಿ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡುವ ಮೊದಲನೆಯದು, ಸುಮಾರು ಮೂರೂವರೆ ಕಿಲೋಮೀಟರ್ ಓಡುವ ಎರಡನೆಯದು. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಕೆ ಹಾಕಿ ಸಿಡಿಲೆಷ್ಟು ದೂರವೆಂದು ಮಕ್ಕಳು ಲೆಕ್ಕಹಾಕುವುದಿಲ್ಲವೆ? ಕಂಪನಮಾಪಕವೂ ಮಾಡುವುದು ಅದನ್ನೇ. ಎರಡು ಅಲೆಗಳ ನಡುವೆ ಒಂದು ಸೆಕೆಂಡಿನ ಅಂತರವಿದ್ದರೆ ನಡುಕದ ಮೂಲ ಸುಮಾರು 8 ಕಿಲೋಮೀಟರ್ ದೂರದಲ್ಲಿದೆ. ಕಾಲು ಸೆಕೆಂಡಾದರೆ 2 ಕಿಲೋಮೀಟರ್. ಮಾಪಕ ಒಂದೇ ಇದ್ದರೆ ದೂರವಷ್ಟೇ ತಿಳಿಯುತ್ತದೆ. ನಾಲ್ಕಾರು ಮಾಪಕಗಳನ್ನು ಸುತ್ತಲೂ ನೆಟ್ಟರೆ ದಿಕ್ಕೂ ಆಳವೂ ತಿಳಿಯುತ್ತವೆ. ನೀರಿನ ಒತ್ತಡದಿಂದಾಗುವ ಬಿರುಕುಗಳ ಪ್ರಮಾಣ ಸಾಮಾನ್ಯವಾಗಿ ಸೊನ್ನೆಗಿಂತಲೂ ಕೆಳಗಿರುತ್ತದೆ. ಭೂಕಂಪದ ಅಳತೆಯಲ್ಲಿ ಒಂದು ಅಂಕ ಇಳಿದರೆ ಶಕ್ತಿ ಸುಮಾರು 32 ಪಟ್ಟು ಕುಗ್ಗುವುದರಿಂದ ಅಂತಹ ಸದ್ದು ನೆಲದ ಮೇಲೆ ನಿಂತವರಿಗೆ ತಿಳಿಯುವುದೇ ಇಲ್ಲ. ಆದುದರಿಂದ ಪಕ್ಕದಲ್ಲಿ ಇನ್ನೊಂದು ಬಾವಿಯನ್ನು ಕೊರೆದು ಮಾಪಕಗಳನ್ನು ಆಳಕ್ಕೇ ಇಳಿಬಿಡುತ್ತಾರೆ.

ಹೀಗೆ ಕೇಳಿಸಿಕೊಳ್ಳದಿದ್ದರೆ ಏನಾಗುತ್ತಿತ್ತೆಂಬುದಕ್ಕೆ ಅಮೆರಿಕದ ನ್ಯೂ ಮೆಕ್ಸಿಕೋದ ಫೆಂಟನ್ ಹಿಲ್ ಎಂಬ ಸ್ಥಳವೇ ಸಾಕು. ಅಲ್ಲಿ ಬೇಕಾಗಿದ್ದುದು ಅನಿಲವಲ್ಲ, ಆಳದ ಬಿಸಿ ಶಿಲೆಯ ಶಾಖ. ಒಂದು ಬಾವಿಯಿಂದ ನೀರನ್ನು ಕಳಿಸಿ, ಬಿರುಕುಗಳ ಮೂಲಕ ಕಾಯಿಸಿ, ಇನ್ನೊಂದು ಬಾವಿಯಿಂದ ಮೇಲೆತ್ತುವ ಯೋಜನೆ. ಬಿರುಕು ಇಂತಹ ಕಡೆಗೇ ಹೋಗುವುದೆಂದು ಲೆಕ್ಕಹಾಕಿ ಎರಡೂ ಬಾವಿಗಳನ್ನು ಮೊದಲೇ ಕೊರೆದಿದ್ದರು. 1983ರ ಡಿಸೆಂಬರಿನಲ್ಲಿ ಸುಮಾರು 2 ಕೋಟಿ ಲೀಟರ್ ನೀರನ್ನು ಒಳಗೆ ನುಗ್ಗಿಸಿದರು. ಲಾತೂರಿಗೆ ಬಂದ ಆ ಮೊದಲ ರೈಲಿನಂತಹ ನಲವತ್ತು ರೈಲುಗಳ ನೀರು. ಎರಡನೆಯ ಬಾವಿಗೆ ಅದು ತಲುಪಲೇ ಇಲ್ಲ. ಕಂಪನಮಾಪಕಗಳು ದಾಖಲಿಸಿದ ಸಣ್ಣ ಸದ್ದುಗಳ ಮೂಲವನ್ನು ಒಂದೊಂದಾಗಿ ನಕಾಶೆಯಲ್ಲಿ ಗುರುತಿಸಿದಾಗ ಸೀಳಿದ ಶಿಲೆಯ ಭಾಗ ಲೆಕ್ಕದಲ್ಲಿದ್ದ ಕಡೆ ಇರದೆ ಬೇರೊಂದು ಕಡೆಗೆ ಬೆಳೆದಿದ್ದುದು ಕಂಡುಬಂದಿತು. ಕೊನೆಗೆ ಸದ್ದು ತೋರಿಸಿದ ಕಡೆಗೇ ಬಾವಿಯನ್ನು ತಿರುಗಿಸಿ ಕೊರೆದರು. 1985ರಲ್ಲಿ ಎರಡೂ ಬಾವಿಗಳು ಕೂಡಿಕೊಂಡವು. ಲೆಕ್ಕ ಸೋತಲ್ಲಿ ಕಿವಿ ಗೆದ್ದಿತು. ಇಂದು ಅನಿಲದ ಬಾವಿಗಳಲ್ಲಿ ಇದೇ ಕ್ರಮದಿಂದ ಬಿರುಕು ಎಷ್ಟು ಉದ್ದ ಹೋಯಿತು, ಮೇಲಿನ ನೀರಿನ ಪದರದ ಸಮೀಪಕ್ಕೆ ಏರಿತೆ, ಹಳೆಯ ಸ್ತರಭಂಗವೊಂದನ್ನು ತಾಗಿತೆ ಎಂದು ನೋಡುತ್ತಾರೆ.

ಕನ್ನಡ ನಾಡಿಗೆ ಈ ವಿದ್ಯೆ ಹೊಸದಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಕೋಲಾರದ ಚಿನ್ನದ ಗಣಿಗಳ ಆಳದಲ್ಲಿ ಒತ್ತಡ ತಾಳದೆ ಶಿಲೆ ಸಿಡಿದು ಕಾರ್ಮಿಕರು ಸಾಯುತ್ತಿದ್ದ ಕಾಲದಲ್ಲಿ, 1912ರಷ್ಟು ಹಿಂದೆಯೇ, ಅಲ್ಲಿ ಕಂಪನಮಾಪಕವೊಂದನ್ನು ನಿಲ್ಲಿಸಲಾಗಿತ್ತು. 1970ರ ದಶಕದ ಕೊನೆಗೆ ಚಾಂಪಿಯನ್ ರೀಫ್ ಗಣಿಯಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನೆರವಿನಿಂದ ಮಾಪಕಗಳ ಜಾಲವೇ ಏರ್ಪಟ್ಟಿತು.

ಸೀಳುವ ನೀರು ಮನುಷ್ಯ ಹಾಕಿದ್ದೇ ಆಗಬೇಕೆಂದಿಲ್ಲ. ಕೊಯ್ನಾ ಅಣೆಕಟ್ಟಿನ ಹಿಂದೆ 1962ರಲ್ಲಿ ನೀರು ನಿಲ್ಲತೊಡಗಿದ ಮೇಲೆ ಅಲ್ಲಿ ನಡುಕಗಳು ಹೆಚ್ಚಿದವು. 1967ರ ಡಿಸೆಂಬರ್ 10ರಂದು 6.3 ಪ್ರಮಾಣದ ಭೂಕಂಪವಾಗಿ ನೂರೆಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಜಲಾಶಯದ ನೀರು ಕಲ್ಲಿನ ಸಂದುಗಳಿಗಿಳಿದು, ಮೊದಲೇ ಬಿಗಿದು ನಿಂತಿದ್ದ ಸ್ತರಭಂಗದ ಹಿಡಿತವನ್ನು ಸಡಿಲಿಸುವುದೇ ಇದರ ಮರ್ಮವೆಂದು ತಜ್ಞರು ಒಪ್ಪುತ್ತಾರೆ. ಸರಿಯಾಗಿ ತಿಳಿಯಲೆಂದು ಆ ಪ್ರದೇಶದಲ್ಲಿ 2017ರಲ್ಲಿ 3 ಕಿಲೋಮೀಟರ್ ಆಳದ ಬಾವಿಯನ್ನು ಕೊರೆದು ಮುಗಿಸಿದರು. ಕಿಲ್ಲಾರಿಯ ವಿಷಯದಲ್ಲಿಯೂ ಭೂಕಂಪದ ಮೂಲಕ್ಕಿಂತ ಕೆಳಗೆ, 6ರಿಂದ 10 ಕಿಲೋಮೀಟರ್ ಆಳದಲ್ಲಿ, ದ್ರವ ತುಂಬಿದ ಪದರವೊಂದರ ಸುಳಿವು ವಿಜ್ಞಾನಿಗಳಿಗೆ ಸಿಕ್ಕಿತು. ಮಾಕಣಿಯ ಬಳಿಯ ಕೆಳ ತೇರಣಾ ಜಲಾಶಯದ ಪಾಲು ಇದರಲ್ಲಿದೆಯೆ ಎಂಬ ವಾದವೂ ಎದ್ದಿತು. ಕೆಲವರು ಶಂಕಿಸಿದರು, ಉಳಿದವರು ಒಪ್ಪಲಿಲ್ಲ. ಆ ವಾದ ಏಕೆ ತೀರ್ಮಾನಕ್ಕೆ ಬರಲಿಲ್ಲವೆಂಬುದನ್ನು ಗಮನಿಸಬೇಕು. 1992ರ ಆಗಸ್ಟಿನಿಂದಲೇ ಕಿಲ್ಲಾರಿಯವರಿಗೆ ನಡುಕಗಳ ಅನುಭವವಾಗುತ್ತಿತ್ತು. ಅಕ್ಟೋಬರ್ 18ರ ನಡುಕಕ್ಕಂತೂ ಮನೆಗಳು ಬಿರುಕು ಬಿಟ್ಟವು. ಆದರೆ ಆ ಸದ್ದು ಎಲ್ಲಿಂದ, ಎಷ್ಟು ಆಳದಿಂದ ಬರುತ್ತಿತ್ತೆಂದು ಹೇಳಬಲ್ಲ ದಟ್ಟವಾದ ಮಾಪಕ ಜಾಲ ಆ ಊರಿನ ಸುತ್ತ ಇರಲಿಲ್ಲ. ಜರ್ಮನಿಯ ತಂಡವೂ ದೇಶದ ಸಂಸ್ಥೆಗಳೂ ಮಾಪಕಗಳನ್ನು ಹೊತ್ತು ಬಂದದ್ದು ಸತ್ತವರ ಸಂಸ್ಕಾರವಾದ ಮೇಲೆ. ಸಾಕ್ಷಿದಾರ ಘಟನೆಯ ನಂತರ ಬಂದರೆ ನ್ಯಾಯಾಲಯ ಅವನ ಮಾತಿಗೆ ಎಷ್ಟು ತೂಕ ಕೊಟ್ಟೀತು?

ಮುಂಚೆಯೇ ಕೇಳಿಸಿಕೊಂಡರೂ ಸಾಲದು, ಕೇಳಿದ್ದಕ್ಕೆ ಕೈ ನಿಲ್ಲಬೇಕು. ದಕ್ಷಿಣ ಕೊರಿಯದ ಪೋಹಾಂಗ್ ನಗರದ ಬಳಿ ಶಾಖಕ್ಕಾಗಿ ಆಳದ ಶಿಲೆಗೆ ನೀರು ನುಗ್ಗಿಸುತ್ತಿದ್ದಾಗ 2017ರ ಏಪ್ರಿಲಿನಲ್ಲಿ 3ಕ್ಕಿಂತ ಹೆಚ್ಚಿನ ಪ್ರಮಾಣದ ನಡುಕವಾಯಿತು. ಮಾಪಕಗಳು ಅದನ್ನು ದಾಖಲಿಸಿದವು. ಆದರೂ ಆಗಸ್ಟ್ ಸೆಪ್ಟೆಂಬರುಗಳಲ್ಲಿ ಮತ್ತೆ ನೀರು ಹಾಕಿದರು. ನವೆಂಬರ್ 15ರಂದು ನಗರವನ್ನು ನಡುಗಿಸಿದ ಭೂಕಂಪದ ಪ್ರಮಾಣ 5.5. ಸರ್ಕಾರ ನೇಮಿಸಿದ ತಜ್ಞರ ಆಯೋಗವು 2019ರಲ್ಲಿ ಆ ನೀರೇ ಕಾರಣವೆಂದು ಹೇಳಿತು. ಹೇಳಲು ಸಾಧ್ಯವಾದದ್ದು ದಾಖಲೆಗಳಿದ್ದುದರಿಂದ. ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರಾಂತದಲ್ಲಿ ಇನ್ನೂ ಕಟ್ಟುನಿಟ್ಟಾದ ಏರ್ಪಾಡಿತ್ತು. 2011ರಲ್ಲಿ ಅನಿಲದ ಬಾವಿಯೊಂದರಿಂದ 2.3 ಪ್ರಮಾಣದ ನಡುಕವಾದ ಮೇಲೆ ಅಲ್ಲಿ ರಸ್ತೆಯ ಸಿಗ್ನಲಿನಂತಹ ನಿಯಮ ಬಂತು: 0.5 ದಾಟಿದರೆ ಕೆಂಪು, ಪಂಪು ನಿಲ್ಲಬೇಕು. 2019ರ ಆಗಸ್ಟ್ 26ರಂದು ಅದೇ ಪ್ರಾಂತದ ಇನ್ನೊಂದು ಬಾವಿಯ ಬಳಿ 2.9 ಪ್ರಮಾಣದ ನಡುಕವಾದಾಗ ಕೆಲಸ ನಿಂತಿತು. ನವೆಂಬರಿನಲ್ಲಿ ಸರ್ಕಾರವೇ ತಡೆ ವಿಧಿಸಿತು.

ಲ್ಯಾಂಕಾಷೈರಿನ ಹೆಸರು ಕಾನೂನು ಓದಿದವರಿಗೆಲ್ಲ ಪರಿಚಿತ. ಅಲ್ಲಿಯ ಗಿರಣಿಯ ಮಾಲೀಕನೊಬ್ಬ ಕಟ್ಟಿಸಿದ ಕೆರೆಯ ನೀರು 1860ರಲ್ಲಿ ನೆಲದಡಿಯ ಹಳೆಯ ಗಣಿಗುಂಡಿಗಳ ಮೂಲಕ ನುಗ್ಗಿ ನೆರೆಯವನ ಕಲ್ಲಿದ್ದಲು ಗಣಿಯನ್ನು ಮುಳುಗಿಸಿತು. ರೈಲಂಡ್ಸ್ ವಿರುದ್ಧ ಫ್ಲೆಚರ್ ಎಂಬ ಆ ಮೊಕದ್ದಮೆಯಲ್ಲಿ 1868ರಲ್ಲಿ ಬಂದ ತೀರ್ಪಿನ ಸಾರ ಇಷ್ಟೆ: ಹೊರಬಿದ್ದರೆ ಕೇಡು ಮಾಡಬಲ್ಲ ವಸ್ತುವನ್ನು ತನ್ನ ನೆಲದಲ್ಲಿ ಕೂಡಿಟ್ಟವನು, ಅಜಾಗರೂಕತೆ ಇರಲಿ ಬಿಡಲಿ, ಕೇಡಿಗೆ ಹೊಣೆ. ಭಾರತದ ಸರ್ವೋಚ್ಚ ನ್ಯಾಯಾಲಯವು 1986ರ ಡಿಸೆಂಬರಿನಲ್ಲಿ, ದೆಹಲಿಯ ಅನಿಲ ಸೋರಿಕೆಯ ಎಂ.ಸಿ. ಮೆಹತಾ ಪ್ರಕರಣದಲ್ಲಿ, ಅಪಾಯಕಾರಿ ಉದ್ಯಮಗಳ ಮಟ್ಟಿಗೆ ಇದನ್ನು ಇನ್ನೂ ಬಿಗಿಗೊಳಿಸಿ ಯಾವ ವಿನಾಯಿತಿಯೂ ಇಲ್ಲದ ಪೂರ್ಣ ಹೊಣೆಯನ್ನು ಸ್ಥಾಪಿಸಿತು. 1996ರ ವೆಲ್ಲೂರು ನಾಗರಿಕರ ಪ್ರಕರಣದಲ್ಲಿ, ತನ್ನ ಕೆಲಸದಿಂದ ಪರಿಸರಕ್ಕೆ ಹಾನಿಯಿಲ್ಲವೆಂದು ರುಜುವಾತುಪಡಿಸುವ ಭಾರ ಉದ್ಯಮದ ಮೇಲೆಯೇ ಎಂದಿತು. ತತ್ತ್ವಗಳು ಉದಾತ್ತವಾಗಿವೆ. ಆದರೆ ನೆಲದಡಿಯ ವ್ಯವಹಾರದಲ್ಲಿ ಹೊಣೆಯ ಮಾತಿಗೆ ಮೊದಲೇ ಒಂದು ಪ್ರಶ್ನೆ ಅಡ್ಡಬರುತ್ತದೆ: ಈ ನಡುಕ ಆ ಬಾವಿಯಿಂದಲೇ ಹುಟ್ಟಿತೆ, ಅಥವಾ ಮೊದಲಿನಿಂದಲೂ ಇಲ್ಲಿ ಆಗುತ್ತಿದ್ದುದೇ? ಬಾವಿ ಕೊರೆಯುವುದಕ್ಕಿಂತ ಹಿಂದಿನ ಒಂದೆರಡು ವರ್ಷಗಳ ಕಂಪನದ ದಾಖಲೆ ಇಲ್ಲದಿದ್ದರೆ ಇದಕ್ಕೆ ಉತ್ತರವಿಲ್ಲ. ಆದುದರಿಂದ ಸೀಳುವ ಪರವಾನಗಿಗೆ ಮೊದಲು ಕೇಳುವ ಕರ್ತವ್ಯ ಬರಬೇಕು, ಮತ್ತು ಕೇಳಿದ ದಾಖಲೆ ಉದ್ಯಮದ ಕಪಾಟಿನಲ್ಲಿ ಅಲ್ಲ, ಸಾರ್ವಜನಿಕರ ಕೈಗೆ ಸಿಗುವ ಕಡೆ ಇರಬೇಕು.

ಈ ಗಡಿಯ ನೆಲ ಆಗಾಗ ಸದ್ದು ಮಾಡುತ್ತಲೇ ಇರುತ್ತದೆಂಬುದರಿಂದ ಈ ಮಾತಿಗೆ ಇಲ್ಲಿ ಹೆಚ್ಚಿನ ತೂಕವಿದೆ. 2022ರ ಸೆಪ್ಟೆಂಬರಿನಲ್ಲಿ ನಿಲಂಗಾ ತಾಲ್ಲೂಕಿನ ಹಾಸೋರಿಯ ಜನ ನೆಲದೊಳಗಿನ ಗೂಢ ಸದ್ದುಗಳಿಗೆ ಬೆಚ್ಚಿ ಮನೆಯ ಹೊರಗೆ ರಾತ್ರಿ ಕಳೆದರು. 2ಕ್ಕಿಂತ ತುಸು ಹೆಚ್ಚಿನ ಪ್ರಮಾಣದ ನಡುಕಗಳು ದಾಖಲಾದವು. ಅದಕ್ಕೂ ಒಂದು ವರ್ಷ ಮೊದಲು, 2021ರ ಅಕ್ಟೋಬರಿನಲ್ಲಿ, ಗಡಿಯಾಚೆ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ಇದೇ ಕಥೆ. 11ರ ರಾತ್ರಿಯ ನಡುಕ 4.1ನ್ನು ಮುಟ್ಟಿತು. ಅಲ್ಲಿ ತಜ್ಞರು ಮುಖ್ಯವಾಗಿ ಬೊಟ್ಟು ಮಾಡಿದ್ದು ಮಳೆಗಾಲದಲ್ಲಿ ಕಲ್ಲಿನ ಸಂದುಗಳಿಗಿಳಿದ ನೀರಿನ ಕಡೆಗೆ. ನೆಲಕ್ಕೆ ಸಮೀಪದಲ್ಲಿ ಆಗುವ ಸಣ್ಣ ಬಿರುಕಿನ ಅಲೆ ಗಟ್ಟಿ ಕಲ್ಲಿನಲ್ಲಿ ಹೆಚ್ಚು ಕುಗ್ಗದೆ ಮೇಲೆ ಬಂದು ಗಾಳಿಯಲ್ಲಿ ಸದ್ದಾಗಿ ಕೇಳಿಸುವುದುಂಟು. ಕಾಲಿಗೆ ತಿಳಿಯದ ನಡುಕವನ್ನು ಕಿವಿ ಗುಡುಗೆಂದು ಕೇಳುವುದು ಅದರಿಂದಲೇ. ಇಂತಹ ಸದ್ದುಗಳೆಲ್ಲ ದೊಡ್ಡ ಭೂಕಂಪದ ಮುನ್ಸೂಚನೆಯಲ್ಲ. ಹೆಚ್ಚಿನವು ತಾವಾಗಿಯೇ ಶಮನವಾಗುತ್ತವೆ. ಯಾವುದು ಶಮನವಾಗುವುದು, ಯಾವುದು 1992ರದ್ದರಂತೆ ಮುಂದುವರಿಯುವುದು ಎಂದು ಮೊದಲೇ ಹೇಳುವ ವಿದ್ಯೆ ಇನ್ನೂ ಯಾರಿಗೂ ಸಿದ್ಧಿಸಿಲ್ಲ. ತಾರೀಖು ಹೇಳಿ ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳನ್ನು ಮನೆಯ ಹೆಂಗಸರು ಮಕ್ಕಳಿಗೆ ಓದಿ ಹೇಳುವ ಮೊದಲು ಇದನ್ನು ನೆನೆಯಬಹುದು.

ನಿಲಂಗಾ, ಉದಗೀರಗಳು 1956ರವರೆಗೆ ಬೀದರ ಜಿಲ್ಲೆಯಲ್ಲೇ ಇದ್ದವು. ರಾಜ್ಯಗಳ ಗೆರೆ ಮೇಲಿನದು. ಕೆಳಗಿನ ತಳಶಿಲೆ ಒಂದೇ. ಆದರೆ ಮಾಹಿತಿ ಗೆರೆಯನ್ನು ದಾಟುವುದಿಲ್ಲ. ಗಡಿಕೇಶ್ವರದ ಜನರಿಗೆ ಕನ್ನಡದಲ್ಲಿ ಸಿಗುವ ತಿಳಿವಳಿಕೆ ಇಲ್ಲಿಯ ಕನ್ನಡ ಶಾಲೆಯ ಪಾಲಕರಿಗೆ ಸಿಗುವುದಿಲ್ಲ, ತಜ್ಞರ ವರದಿಯಂತೂ ಇಂಗ್ಲಿಷಿನಲ್ಲಿರುತ್ತದೆ. ಮಾಹಿತಿ ಹಕ್ಕು ಕಾಯ್ದೆ, 2005ರ 4ನೆಯ ಕಲಮಿನ 4ನೆಯ ಉಪಕಲಮು, ಸರ್ಕಾರಿ ಕಚೇರಿಗಳು ತಾವಾಗಿ ಪ್ರಕಟಿಸುವ ಮಾಹಿತಿಯನ್ನು ಸ್ಥಳೀಯ ಭಾಷೆಯನ್ನು ಗಮನದಲ್ಲಿಟ್ಟುಕೊಂಡು ಹಂಚಬೇಕೆನ್ನುತ್ತದೆ. ತಾಲ್ಲೂಕಿನಲ್ಲಿ ನಡುಕವಾದಾಗ ತಹಸೀಲ ಕಚೇರಿಯಿಂದ ಮರಾಠಿಯ ಜೊತೆ ಕನ್ನಡದಲ್ಲಿಯೂ ಒಂದು ಪುಟದ ತಿಳಿವಳಿಕೆಯನ್ನು ಹೊರಡಿಸಿರೆಂದು ಗ್ರಾಮಸಭೆಯ ಠರಾವಿನೊಡನೆ ಅರ್ಜಿ ಕೊಡಲು ಈ ಕಲಮು ಸಾಕು.

ಅದಕ್ಕೆ ಕಾಯಬೇಕಾಗಿಲ್ಲದ ಕೆಲಸವೊಂದು ಶಾಲೆಗಳಲ್ಲಿದೆ. ದೆಹಲಿಯ ರಾಷ್ಟ್ರೀಯ ಭೂಕಂಪನ ಕೇಂದ್ರವು ತನ್ನ ಭೂಕಂಪ್ ಎಂಬ ಮೊಬೈಲ್ ಆ್ಯಪಿನಲ್ಲಿ ದೇಶದ ನಡುಕಗಳ ಸಮಯ, ಸ್ಥಳ, ಪ್ರಮಾಣಗಳನ್ನು ಪ್ರಕಟಿಸುತ್ತದೆ. ಸದ್ದು ಕೇಳಿದಾಗ ವಿಜ್ಞಾನದ ಗುರುಗಳು ಮಕ್ಕಳಿಂದ ಒಂದು ವಹಿಯಲ್ಲಿ ಬರೆಯಿಸಬಹುದು: ಗಡಿಯಾರದಲ್ಲಿ ಗಂಟೆ, ನಿಮಿಷ, ಸಾಧ್ಯವಾದರೆ ಸೆಕೆಂಡು, ಕೇಳಿದವರು ಮನೆಯೊಳಗಿದ್ದರೋ ಹೊಲದಲ್ಲಿದ್ದರೋ, ಮೊದಲು ಸದ್ದೋ ನಡುಕವೋ, ಪಾತ್ರೆಗಳು ಅಲುಗಿದವೋ, ಗೋಡೆಯಲ್ಲಿ ಹೊಸ ಬಿರುಕು ಬಿದ್ದಿತೋ, ಬಿದ್ದಿದ್ದರೆ ಅದರ ಎರಡು ತುದಿಗೆ ಪೆನ್ಸಿಲಿನಿಂದ ಗುರುತು ಮತ್ತು ತಾರೀಖು. ಆ ವಹಿಯನ್ನು ಆ್ಯಪಿನ ದಾಖಲೆಯೊಡನೆ ತಾಳೆ ನೋಡಿ, ಅಲ್ಲಿ ಇಲ್ಲದ ನಡುಕ ವಹಿಯಲ್ಲಿದ್ದರೆ ತಹಸೀಲದಾರರಿಗೆ ಒಂದು ಪ್ರತಿಯನ್ನು ಕಳಿಸಿ ಪೋಚನ್ನು ಪಡೆದಿಟ್ಟುಕೊಳ್ಳಬೇಕು.